ಬೇರಿಲ್ಲದ ಗಿಡ

ನನ್ನ ಸೋದರಮಾವ ಕೆರೆಯಲ್ಲಿ ಮುಳುಗಿದ್ದು ಎಷ್ಟು ಹೊತ್ತು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆಯ ಪ್ರಕಾರ ಒಂದು ಸಲ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಮಾವ ನಗುತ್ತಾನೆ: "ನಾನೇನು ಗಡಿಯಾರ ನೋಡ್ಕಂಡು ಮುಳುಗಿದ್ನಾ?" ದಡದಲ್ಲಿ ನಿಂತು ನೋಡಿದವಳು ನಾನು. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಬಕೆಟ್ಟು ತುಂಬುವ ಸದ್ದು ಕೇಳಿದಾಗ, ಮಾವನ ತಲೆ ಹಳದಿ ಹೂಗಳ ನಡುವೆ ಮತ್ತೆ ಒಳಕ್ಕೆ ಹೋಗುತ್ತದೆ. ಅವನು ಬದುಕಿದ್ದಾನೆ, ನಿನ್ನೆ ತಾನೇ ಫೋನು ಮಾಡಿ ತೆಂಗಿನಕಾಯಿ ಕಳಿಸುತ್ತೇನೆಂದು ಹೇಳಿದ್ದಾನೆ. ಆದರೂ ತಲೆ ಮೇಲೆ ಬರುವವರೆಗೆ ನಾನು ಉಸಿರು ಹಿಡಿದೇ ಇರುತ್ತೇನೆ.

ಆ ಹೂಗಳು ಬೇಕೆಂದು ಕೇಳಿದವಳು ನಾನು. ಮಾವ ನೀರಿಗೆ ಇಳಿಯುವ ಮೊದಲು ಅವನಿಗೆ ಹೇಳಬೇಕಾದ ಒಂದು ಮಾತಿತ್ತು. ಅದು ನನಗೆ ಗೊತ್ತಿದ್ದ ಮಾತು. ಹೇಳಲಿಲ್ಲ. ಆಮೇಲೆ ಸುಮಾರು ಒಂದು ತಿಂಗಳು, ಹೇಳಲೇಬೇಕೆಂದು ಗೊತ್ತಾದ ಮೇಲೂ, ಬಾಯಿ ಬಿಡಲಿಲ್ಲ.

ಇದೆಲ್ಲ ಶುರುವಾಗಿದ್ದು ಹೈಸ್ಕೂಲಿನಲ್ಲಿ, ಅಪ್ಪನ ಫೋನಿನಲ್ಲಿ ನೋಡಿದ ಒಂದು ವಿಡಿಯೊದಿಂದ. ಅಂಚಿಗೆ ಹಲ್ಲುಗಳಿರುವ ಎಲೆಯ ಮೇಲೆ ಒಂದು ನೊಣ ಬಂದು ಕೂತಿತು. ಎಲೆ ಎರಡು ಅಂಗೈ ಜೋಡಿಸಿದ ಹಾಗೆ ಮುಚ್ಚಿಕೊಂಡಿತು. ಅದನ್ನು ಎಷ್ಟು ಸಲ ತಿರುಗಿಸಿ ನೋಡಿದೆನೋ. ಫೋನೂ ನನ್ನ ರುಚಿ ಕಂಡುಕೊಂಡಿತು. ಯಾವುದೋ ದ್ವೀಪದಲ್ಲಿ ಮನುಷ್ಯರನ್ನು ನುಂಗುವ ಮರ, ಯಾವುದೋ ಕಾಡಿನಲ್ಲಿ ಮೇಕೆ ಹಿಡಿಯುವ ಬಳ್ಳಿ ಎಂದು ಸುಳ್ಳುಪಳ್ಳು ವಿಡಿಯೊಗಳನ್ನೆಲ್ಲ ತಂದು ತೋರಿಸತೊಡಗಿತು. ಸುಳ್ಳೆಂದು ಗೊತ್ತಿದ್ದೂ ನೋಡುತ್ತಿದ್ದೆ. ಗಿಡವೆಂದರೆ ಸುಮ್ಮನೆ ನಿಂತು ಎಲ್ಲವನ್ನೂ ತಡೆದುಕೊಳ್ಳುವಂಥದ್ದು ಎಂದು ತಿಳಿದಿದ್ದವಳಿಗೆ, ತಿರುಗಿ ಬಾಯಿ ಹಾಕುವ ಗಿಡ ಇದೆ ಎನ್ನುವುದೇ ಒಂದು ಖುಷಿ.

ಅಪ್ಪನನ್ನು ಪೀಡಿಸಿ ಆನ್‌ಲೈನಿನಲ್ಲಿ ಆ ನೊಣದ ಗಿಡವೊಂದನ್ನು ತರಿಸಿದೆ. ಟೀ ಲೋಟದಷ್ಟು ದೊಡ್ಡ ಕುಂಡದಲ್ಲಿ ಅದು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂತು. ಬೋರ್‌ವೆಲ್ಲಿನ ಗಡಸು ನೀರು ಅದಕ್ಕೆ ಆಗುವುದಿಲ್ಲ ಎಂದು ಓದಿ, ಕುಡಿಯುವ ಫಿಲ್ಟರಿನಿಂದ ನೀರು ಹಾಕುತ್ತಿದ್ದೆ. ಅಮ್ಮ ಒಂದು ದಿನ ಸಹಿಸಿದಳು, ಎರಡು ದಿನ ಸಹಿಸಿದಳು.

"ತುಳಸಿಗೆ ನೀರಾಕು ಅಂದ್ರೆ ಆಮ್ಯಾಕೆ ಅಂತೀಯ. ಈ ನೊಣ ತಿನ್ನೋ ಮಾರಿಗೆ ಫಿಲ್ಟರ್ ನೀರು ಬೇಕಾ?"

ನೊಣ ಸಿಗದ ಒಂದು ಭಾನುವಾರ ಕೋಳಿಸಾರಿನ ಒಂದು ಎಳೆ ತುಂಡನ್ನು ಅದರ ಬಾಯಿಗೆ ಇಟ್ಟೆ. ನಮ್ಮ ಮನೆಯ ಖಾರ ಅದಕ್ಕೆ ತಡೆಯಲಿಲ್ಲ. ಎಲೆಗಳು ಒಂದೊಂದಾಗಿ ಕಪ್ಪಾದವು.

ಆ ದುಃಖದಲ್ಲೇ ದಸರಾ ರಜಕ್ಕೆ ಅಜ್ಜಿಯ ಊರಿಗೆ ಹೋದೆ. ಅಮ್ಮನ ತವರು ನಾಗಮಂಗಲದ ಕಡೆ. ಪಾಂಡವಪುರ ದಾಟಿದ ಮೇಲೆ ಕಬ್ಬು, ನಾಲೆ, ಹಸಿರು ಎಲ್ಲ ಹಿಂದಕ್ಕೆ ಉಳಿದು, ರಾಗಿ ಹೊಲ, ಹುರುಳಿ ಹೊಲ, ಬಂಡೆಗಳು ಶುರುವಾಗುತ್ತವೆ. ಅಲ್ಲಿ ಮಳೆ ಬಂದರೆ ಕೆರೆ, ಇಲ್ಲದಿದ್ದರೆ ದನ ಮೇಯುವ ಬಯಲು. ಅಜ್ಜಿ ನನ್ನ ಗಿಡದ ಸಾವಿನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು.

"ಹುಳ ತಿನ್ನೋ ಗಿಡವ ಕೊರಿಯರ್‌ನಲ್ಲಿ ತರ್ಸಿದ್ಯಾ? ನಮ್ಮ ಕೆರೆ ಮೇಗಡೆ ಕಾಲಿಟ್ಟ ತಾವೆಲ್ಲ ಅವೆ ಕಣವ್ವ. ಜೊಲ್ಲುಗಿಡ."

ನಾನು ನಂಬಲಿಲ್ಲ. ಅಜ್ಜಿ ಕೋಲು ಹಿಡಿದು ಎದ್ದೇ ಬಿಟ್ಟಳು. ಕೆರೆಯ ಮೇಲ್ಭಾಗದಲ್ಲಿ ಮಳೆನೀರು ಜಿನುಗುವ ಗರಸು ನೆಲವಿದೆ. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ತೋರಿಸಿದಳು. ಬೆರಳುದ್ದದ ಕೆಂಪು ಗಿಡ. ದಾರದಂಥ ಎಲೆಗಳು, ಎಲೆಗಳ ಮೇಲೆ ಕೂದಲು, ಒಂದೊಂದು ಕೂದಲ ತುದಿಗೂ ಒಂದೊಂದು ಹನಿ. ಮಟಮಟ ಮಧ್ಯಾಹ್ನ, ಸುತ್ತಲ ಹುಲ್ಲು ಒಣಗಿ ನಿಂತಿದೆ. ಇದರ ಮೇಲೆ ಮಾತ್ರ ಹನಿಗಳು ಆರಿಲ್ಲ. ಒಂದು ಸೊಳ್ಳೆ ಅಂಟಿಕೊಂಡು ಕಾಲು ಆಡಿಸುತ್ತಿತ್ತು.

ಅಜ್ಜಿ ಹೇಳಿದ ಕಥೆ ಹೀಗಿತ್ತು. ಒಂದು ಮನೆಯಲ್ಲಿ ಒಬ್ಬಳು ಸೊಸೆ. ದಿನವೆಲ್ಲ ಎಲ್ಲರಿಗೂ ಬಡಿಸುವಳು, ಅವಳಿಗೆ ಮಾತ್ರ ಯಾರೂ ಇಕ್ಕುವವರಿಲ್ಲ. ಹಸಿದು ಹಸಿದು ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಕೆರೆಯ ಹತ್ತಿರ ಅಳುತ್ತ ಕೂತಾಗ ಕೆರೆಯಮ್ಮ ಎದ್ದು ಬಂದು, ಇನ್ನು ಮೇಲೆ ನಿನ್ನ ಕೈ ಮೇಲೆ ಕೂತಿದ್ದೆಲ್ಲ ನಿನ್ನದೇ ಊಟ ಎಂದು ವರ ಕೊಟ್ಟಳು. ಸೊಸೆ ಕೈ ಚಾಚಿ ಕಾದಳು. ಆದರೆ ಹೆಣ್ಣಿನ ಕೈ ಮೇಲೆ ಬಂದು ಕೂರುವುದು ಏನು? ಸೊಳ್ಳೆ, ನುಸಿ. ಅಷ್ಟರಲ್ಲೇ ಹೊಟ್ಟೆ ಹೊರೆದುಕೊಂಡು ಅಲ್ಲೇ ನಿಂತುಬಿಟ್ಟಳು.

"ಈಗ್ಲೂ ಹೊಟ್ಟೆ ತುಂಬಿಲ್ಲ ನೋಡು, ಇನ್ನೂ ಜೊಲ್ಲು ಸುರಿಸ್ತಾವ್ಳೆ," ಎಂದು ಅಜ್ಜಿ ಆ ಗಿಡದ ಮೇಲೆ ಕೋಲು ತಾಕದಂತೆ ಎದ್ದಳು.

ಕೆರೆಯೊಳಗೂ ಒಂದು ಗಿಡವಿದೆ ಎಂದು ಅವತ್ತೇ ತೋರಿಸಿದಳು. ನೀರಿನಲ್ಲಿ ಬಿಚ್ಚಿದ ಕೂದಲಿನ ಹಾಗೆ ಹರಡಿದ ಹಸಿರು ಎಳೆಗಳು. ಊರಲ್ಲಿ ಅದಕ್ಕೆ ಕೆರೆಯಮ್ಮನ ಜಡೆ ಎನ್ನುತ್ತಾರೆ. ಕೇಳದೆ ತುಳಿದವರ ಕಾಲಿಗೆ ಜಡೆ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡರೆ ಬಿಡುವುದಿಲ್ಲ. ಮಕ್ಕಳನ್ನು ನೀರಿನಿಂದ ದೂರ ಇಡಲು ಹೆಂಗಸರು ಹೆಣೆದ ಕಥೆ ಎಂದು ನಾನು ನಕ್ಕಿದ್ದೆ.

ಬಿ.ಎಸ್ಸಿ.ಗೆ ಸೇರಿದಾಗ ಸಸ್ಯಶಾಸ್ತ್ರವನ್ನೇ ತೆಗೆದುಕೊಂಡೆ. ಮನೆಯಿಂದ ಪಾಂಡವಪುರದ ಕಾಲೇಜಿಗೆ ದಿನವೂ ಬಸ್ಸು. ಮಳೆ ನಿಂತ ಕೂಡಲೇ ಭಾನುವಾರಗಳಲ್ಲಿ ಕರಿಘಟ್ಟದ ತಪ್ಪಲು ಸುತ್ತಿದೆ, ಕಿರಂಗೂರಿನ ಗದ್ದೆ ಬದುಗಳ ಮೇಲೆ ಬಗ್ಗಿ ಬಗ್ಗಿ ನಡೆದೆ. ಗದ್ದೆಯವರು, "ಏನಮ್ಮ, ಓಲೆ ಬೀಳಿಸ್ಕಂಡ್ಯಾ?" ಎಂದು ಕೇಳುತ್ತಿದ್ದರು. ಜೊಲ್ಲುಗಿಡ ಅಲ್ಲೆಲ್ಲೂ ನನಗೆ ಸಿಗಲಿಲ್ಲ. ಅಜ್ಜಿಯ ಕೆರೆಯ ಜಡೆಯೂ ಹುಳು ತಿನ್ನುವ ಗಿಡವೇ ಎಂದು ತಿಳಿದದ್ದು ಎರಡನೆಯ ವರ್ಷದಲ್ಲಿ. ಎಳೆಗಳ ತುಂಬ ಸಾಸಿವೆಗಿಂತ ಸಣ್ಣ ಚೀಲಗಳು. ಪ್ರತಿ ಚೀಲಕ್ಕೂ ಒಂದು ಬಾಗಿಲು, ಬಾಗಿಲ ಹತ್ತಿರ ಕೂದಲು. ನೀರಿನ ಹುಳು ಆ ಕೂದಲನ್ನು ಸೋಕಿದರೆ ಬಾಗಿಲು ಒಳಕ್ಕೆ ತೆರೆದು, ನೀರಿನ ಜೊತೆ ಹುಳುವನ್ನೂ ಎಳೆದುಕೊಂಡು, ಮುಚ್ಚಿಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗುವುದಿಲ್ಲ. ಪರೀಕ್ಷೆಯಲ್ಲಿ ಅದರ ಬಗ್ಗೆ ಒಂದೂವರೆ ಪುಟ ಬರೆದೆ. 'ಈ ಸಸ್ಯಕ್ಕೆ ಬೇರುಗಳಿಲ್ಲ. ನೀರಿನಲ್ಲಿ ತೇಲುತ್ತದೆ' ಎಂಬ ಸಾಲಿಗೆ ಸ್ಕೇಲಿಟ್ಟು ಗೆರೆ ಎಳೆದದ್ದೂ ನೆನಪಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇವೆರಡನ್ನೇ ಆರಿಸಿಕೊಂಡೆ. ಹೂವಿನ ಸಮೇತ ಇಡೀ ಗಿಡವನ್ನು ಒಣಗಿಸಿ ಹಾಳೆಗೆ ಅಂಟಿಸಿ ಕೊಡಬೇಕಿತ್ತು. ಆಯುಧಪೂಜೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋದೆ. ಆ ವರ್ಷ ಮಳೆ ಚೆನ್ನಾಗಿತ್ತು. ಕೆರೆ ಕೋಡಿಗೆ ಒಂದು ಗೇಣು ಕಡಿಮೆ ತುಂಬಿತ್ತು. ನೀರಿನ ಮೇಲೆ ಹಳದಿ ಹೂಗಳು ತೊಗರಿಬೇಳೆ ಚೆಲ್ಲಿದ ಹಾಗೆ, ಅಷ್ಟು.

ಆ ಊರುಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರೆಲ್ಲ ಕೆರೆಯ ಗೋಡುಮಣ್ಣನ್ನು ಅಗೆಸಿ ಹೊಲಕ್ಕೆ, ತೆಂಗಿನ ಬುಡಕ್ಕೆ ಹೊಡೆಸುತ್ತಾರೆ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಹಿಂದೆ ಗುದ್ದಲಿ, ಎತ್ತಿನ ಗಾಡಿ. ತೆಳ್ಳಗೆ ಕೆರೆದುಕೊಂಡು ಹೋಗುತ್ತಿದ್ದರು. ಈಗ ಜೆಸಿಬಿ. ಅದು ಒಂದೇ ಕಡೆ ನಿಂತು ಬಾಚುತ್ತದೆ. ಟ್ರಾಕ್ಟರುಗಳು ಸಾಲಾಗಿ ಬಂದು ತುಂಬಿಕೊಳ್ಳುತ್ತವೆ. ಹಿಂದೆ ಉಳಿಯುವುದು ಗೋಡೆ ನಿಲ್ಲಿಸಿದಂತಹ ಅಂಚಿನ ಗುಂಡಿ. ಮಳೆ ಬಂದ ಮೇಲೆ ಕೆರೆಯೆಲ್ಲ ಒಂದೇ ಮಟ್ಟ. ಗುಂಡಿ ಎಲ್ಲಿ, ನೆಲ ಎಲ್ಲಿ ಎಂದು ಮೇಲಿನಿಂದ ಕಾಣುವುದಿಲ್ಲ. ಆ ಬೇಸಿಗೆಯಲ್ಲಿ ಮಾವನೂ ಮಣ್ಣು ಹೊಡೆಸಿದ್ದ. ಅವನ ಹಿಂದೆ ಇನ್ನೂ ಕೆಲವರು ಹೊಡೆಸಿದ್ದರು.

ಬೆಳಿಗ್ಗೆ ಹತ್ತರ ಹೊತ್ತು. ಅತ್ತೆ ಮೊಣಕಾಲು ಮಟ್ಟದ ನೀರಿನಲ್ಲಿ ಸೀಮೆಹಸುವನ್ನು ನಿಲ್ಲಿಸಿಕೊಂಡು ಕಲ್ಲಿನಿಂದ ಮೈ ಉಜ್ಜುತ್ತಿದ್ದಳು. ನಾನು ಪ್ಲಾಸ್ಟಿಕ್ ಡಬ್ಬಿ ಹಿಡಿದು ದಡದಲ್ಲಿ ನಿಂತಿದ್ದೆ. ಹತ್ತಿರದಲ್ಲಿದ್ದ ಗಿಡಗಳನ್ನು ದನಗಳು ತುಳಿದಿದ್ದವು, ಹೂವಿರಲಿಲ್ಲ. ಹೂ ಇದ್ದದ್ದು ಒಂದಿಷ್ಟು ಒಳಗೆ. ಶ್ರೀರಂಗಪಟ್ಟಣದಲ್ಲಿ ಸುತ್ತಲೂ ಹೊಳೆ ಇದ್ದರೂ ಹೆಣ್ಣುಮಕ್ಕಳನ್ನು ನೀರಿಗೆ ಬಿಟ್ಟವರಿಲ್ಲ. ನನಗೆ ಈಜು ಬಾರದು. ಮಾವನಿಗೂ ಬಾರದು.

"ಆ ಹಳದಿ ಹೂವಾ? ಅದ್ಕೇನಂತೆ, ಕಿತ್ಕಂಡು ಬತ್ತೀನಿ ಇರು," ಎಂದು ಮಾವ ಪಂಚೆ ಎತ್ತಿ ಕಟ್ಟಿದ.

ಅತ್ತೆ ಹಸುವಿನ ಆಚೆಯಿಂದ ಕೂಗಿದಳು: "ಗುಂಡಿ ಅವೆ, ನೋಡ್ಕಂಡು! ಬೇಸ್ಗೇಲಿ ಮಣ್ಣು ತಗ್ಸಿದ್ದು ಮರ್ತೋಯ್ತಾ?"

"ಗುಂಡಿ ಇರೋದು ತೂಬಿನ ತಾವ ಕಣೆ. ನಿಂತ್ಕಂಡು ತಗ್ಸಿದೋನು ನಾನು, ನಂಗೆ ಯೋಳ್ಕೊಡ್ತೀಯಾ? ಇಲ್ನೋಡು, ಗಿಡ ಯೆಂಗೆ ಅಬ್ಬವೆ. ಕೆಳಗೆ ನೆಲ ಇಲ್ದೆ ಇಷ್ಟು ಗಿಡ ನಿಂತವಾ?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವನು ಕಂಡ ಜೊಂಡು, ತಾವರೆ, ಆಪು ಎಲ್ಲವೂ ಕೆಸರಿನಲ್ಲಿ ಬೇರು ಬಿಟ್ಟೇ ನಿಲ್ಲುವಂಥವು. ಗಿಡ ನೋಡಿಯೇ ನೀರಿನ ಆಳ ಹೇಳುವವನು ಅವನು. ಗೆರೆ ಎಳೆದು ಬರೆದ ನನ್ನ ಸಾಲು ಆಗ ನನ್ನ ತಲೆಯೊಳಗೆ ಇತ್ತೋ ಇಲ್ಲವೋ. ಇತ್ತು. ಗಿಡದ ಬಗ್ಗೆ ನನಗೆ ಗೊತ್ತಿದ್ದುದಕ್ಕೂ ಮಾವನ ಕಾಲಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ, ಅಷ್ಟೆ.

ಸೊಂಟದ ಮಟ್ಟಕ್ಕೆ ಹೋಗಿ ಮಾವ ತಿರುಗಿ ನಿಂತ. "ಎಷ್ಟು ಬೇಕವ್ವ? ಒಂದು ಸಾಕಾ, ಇಲ್ಲ ನಿನ್ನ ಮದ್ವೆ ಚಪ್ಪರಕ್ಕೂ ಆಗ್ಲಾ?"

"ಒಂದೇ ಸಾಕು. ಬುಡದಿಂದ ಕೀಳು ಮಾವ, ತುಂಡಾಗ್ಬಾರ್ದು," ಎಂದೆ.

ಬುಡದಿಂದ. ಇಲ್ಲದ ಬುಡವನ್ನು ಹುಡುಕಲು ಅವನು ಬಗ್ಗಿದ. ಬಲಗೈ ನೀರೊಳಗೆ ಭುಜದವರೆಗೆ ಹೋಯಿತು. ಎಡಗೈಯಲ್ಲಿ ಗಿಡದ ಎಳೆ ಹಿಡಿದುಕೊಂಡು, ಕೆಳಕ್ಕೆ ಕೆಳಕ್ಕೆ ತಡಕುತ್ತ, ಇನ್ನೊಂದು ಹೆಜ್ಜೆ ಮುಂದಿಟ್ಟ. ಆಮೇಲೆ ಮಾವ ಇರಲಿಲ್ಲ. ಹೂಗಳು ಒಂದು ಸಲ ಬಾಗಿ ಎದ್ದು ನಿಂತವು.

ನಾನು ಕೂಗಿದೆನೆಂದು ಅತ್ತೆ ಹೇಳುತ್ತಾಳೆ. ನನಗೆ ನನ್ನ ಕೂಗು ನೆನಪಿಲ್ಲ. ಮಾವನ ತಲೆ ಮೇಲೆ ಬಂತು, ಬಾಯಿ ತೆರೆದಿತ್ತು, ಮತ್ತೆ ಹೋಯಿತು. ನಾನು ನೀರಿಗೆ ಎರಡು ಹೆಜ್ಜೆ ಇಟ್ಟು ನಿಂತೆ. ಕಾಲು ಮುಂದಕ್ಕೆ ಬರಲಿಲ್ಲ. ಅತ್ತೆ ಅಷ್ಟರಲ್ಲಿ ಉಟ್ಟ ಸೀರೆಯನ್ನು ಬಿಚ್ಚಿ, ಒಂದು ತುದಿಯನ್ನು ಹಸುವಿನ ಕೊರಳ ಹಗ್ಗಕ್ಕೆ ಗಂಟು ಹಾಕಿ, ಇನ್ನೊಂದು ತುದಿಯಲ್ಲಿ ಕೈಲಿದ್ದ ಕಲ್ಲನ್ನು ಕಟ್ಟಿ, ಎದೆಮಟ್ಟದ ನೀರಿಗೆ ಹೋಗಿದ್ದಳು. ಮೊದಲ ಸಲ ಎಸೆದದ್ದು ಬೇರೆ ಕಡೆ ಬಿತ್ತು. ಎಳೆದುಕೊಂಡಳು. ಎರಡನೆಯ ಸಲ ಎಸೆದದ್ದು ಅವನ ಭುಜದ ಹತ್ತಿರ ಬಿತ್ತು. ಅವನ ಒಂದು ಕೈ ಸೀರೆಯನ್ನು ಹಿಡಿಯಿತು.

"ಒಡಿ ಕಣಮ್ಮಿ! ನಿಂತ್ಕಂಡು ಏನ್ ನೋಡ್ತಿದ್ದೀಯ, ಅದ್ರ ಬೆನ್ಮೇಲೆ ಒಡಿ!"

ಕೈಯಲ್ಲಿದ್ದ ಡಬ್ಬಿಯಿಂದಲೇ ಹಸುವಿನ ಬೆನ್ನಿಗೆ ಬಾರಿಸಿದೆ. ಮುದ್ದಿನಲ್ಲಿ ಬೆಳೆದ ಹಸು, ಏಟು ತಿಂದು ಗೊತ್ತಿಲ್ಲ. ಬೆದರಿ ದಡಕ್ಕೆ ನುಗ್ಗಿತು. ಸೀರೆ ಬಿಗಿಯಾಯಿತು, ಚರ್ ಎಂದಿತು, ಹರಿಯಲಿಲ್ಲ. ನೂಲಿನ ಹಳೆಯ ಸೀರೆ. ಮಾವ ಮಗುಚಿಕೊಂಡು ಗುಂಡಿಯ ಅಂಚು ಹತ್ತಿ ಬಂದ. ಅತ್ತೆ ಅವನ ಕೂದಲು ಹಿಡಿದು ದಡಕ್ಕೆ ಎಳೆದಳು. ಬೋರಲು ಹಾಕಿ ಬೆನ್ನು ಗುದ್ದಿದಳು, ಬೈದಳು, ಮತ್ತೆ ಗುದ್ದಿದಳು. ನೀರು ಕಾರಿದ ಮೇಲೆ ಅವನು ಎಡಗೈ ಮುಷ್ಟಿ ಬಿಚ್ಚಿದ. ಒಳಗೆ ಹಸಿರು ಎಳೆಗಳು, ಜಜ್ಜಿದ ಒಂದು ಹಳದಿ ಹೂ.

ಎಡಗಾಲಿಗೂ ಅದೇ ಎಳೆಗಳು ಸುತ್ತಿಕೊಂಡಿದ್ದವು.

ನಾಗಮಂಗಲದ ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟುಕೊಂಡು, ಶ್ವಾಸಕೋಶ ಸರಿಯಾಗಿದೆ ಎಂದು ಕಳಿಸಿದರು. ಮನೆ ತುಂಬ ಜನ. ಅತ್ತೆ ಎಲ್ಲರಿಗೂ ಕಾಫಿ ಕೊಡುತ್ತ, "ಮದ್ವೆ ಆಗಿ ಇಪ್ಪತ್ತು ವರ್ಷ ಸೆರಗು ಜಾರ್ದಂಗೆ ಇದ್ದೆ. ಇವ್ರಿಂದ ಊರ್ಗೆಲ್ಲ ನನ್ನ ಲಂಗ ತೋರ್ಸಂಗಾಯ್ತು," ಎಂದಳು. ಎಲ್ಲರೂ ನಕ್ಕರು. ಮಾವ ಗಂಭೀರವಾಗಿ, "ಕಾಲು ಹಿಡ್ಕಂತು ಕಣ್ರಪ್ಪ. ಬಳ್ಳಿ ಸುತ್ಕಂಡು ಎಳೀತು. ನನ್ನ ಕಾಲಿಗೇ ಗೊತ್ತು," ಎಂದ. ಕಾಲಿಗೆ ಸುತ್ತಿದ್ದನ್ನು ಕಣ್ಣಾರೆ ಕಂಡವರಿದ್ದರು. ಅಲ್ಲಿಗೆ ಮಾತು ಮುಗಿಯಿತು: ಕೆರೆಯಮ್ಮನ ಜಡೆ. ಅಜ್ಜಿ ತಂಬಿಟ್ಟು ಮಾಡಿ, ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ಕೆರೆ ಏರಿಯ ಮೇಲೆ ಇಟ್ಟು ಬಂದಳು.

ಗುಂಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಯಾರು ಅಗೆಸಿದರು ಎಂಬ ಮಾತು ಬರುತ್ತದೆ. ಊರಿನ ಅರ್ಧ ಜನ ಅಗೆಸಿದ್ದರು. ನಾನೂ ಎತ್ತಲಿಲ್ಲ. ಎತ್ತಿದರೆ, ಬೇರಿಲ್ಲದ ಗಿಡ ಆಳದ ಮೇಲೂ ತೇಲುತ್ತದೆ ಎಂದು ಹೇಳಬೇಕು. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ನಿನಗೆ ಗೊತ್ತಿತ್ತಾ? ಮನೆಗೆ ಬಂದು ಜೊಲ್ಲುಗಿಡವೊಂದನ್ನೇ ಹಾಳೆಗೆ ಅಂಟಿಸಿ ಕೊಟ್ಟೆ. ಪುಸ್ತಕದಲ್ಲಿ ಆ ಇನ್ನೊಂದು ಗಿಡದ ಚಿತ್ರ ಬಂದರೆ ಪುಟ ಮಗುಚುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಅತ್ತೆಯ ಫೋನು ಬಂತು. ಮಾವನ ಕೆಮ್ಮು ನಿಂತಿದೆ, ಹಸು ಗಬ್ಬವಾಗಿದೆ, ಅದು ಇದು. ಕೊನೆಗೆ ಹೇಳಿದಳು:

"ಕೆರೆ ಈಗ ಚೊಕ್ಕಟ ಆಗದೆ ಕಣಮ್ಮಿ. ಹುಡುಗ್ರೆಲ್ಲ ಸೇರಿ ಮುಳ್ಳಿನ ಕೊಂಬೆಗೆ ಹಗ್ಗ ಕಟ್ಟಿ, ಟ್ರಾಕ್ಟರಲ್ಲಿ ಎಳ್ದು ಆ ಜಡೇನೆಲ್ಲ ಕಿತ್ತಾಕ್ಬುಟ್ರು. ನೀರು ಕನ್ನಡಿ ಕನ್ನಡಿ. ಭಾನ್ವಾರ ಮಕ್ಳೆಲ್ಲ ಅಲ್ಲೇ ಈಜು ಕಲೀತೀವಿ ಅಂತ ಕುಣೀತಾವೆ."

"ಎಲ್ಲಿ ಅತ್ತೆ?"

"ನಿಮ್ಮಾವ ಬಿದ್ದ ತಾವೇ. ಜಡೆ ಹೋದ್ಮ್ಯಾಕೆ ಇನ್ನೇನು ಭಯ?"

ಇಳಿಸಬೇಡ ಎಂದೆ. ಯಾಕೆ ಎಂದಳು. ನಾಳೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಒಬ್ಬರನ್ನೂ ಬಿಡಬೇಡ ಎಂದು ಫೋನು ಇಟ್ಟೆ. ಮರುದಿನ ಮೊದಲ ಬಸ್ಸಿಗೆ ಹೊರಟೆ. ಪಾಂಡವಪುರದಲ್ಲಿ ಕಬ್ಬಿನ ಗಾಡಿಗಳ ಸಾಲು ಅಡ್ಡ ಬಂದು ಬಸ್ಸು ಅರ್ಧ ಗಂಟೆ ನಿಂತಿತು. ಇಳಿದು ಓಡೋಣ ಅನ್ನಿಸಿತು.

ಕೆರೆಯ ಇನ್ನೊಂದು ಬದಿಯಲ್ಲಿ ಆ ಗಿಡ ಇನ್ನೂ ಒಂದಿಷ್ಟಿತ್ತು. ದಾರಿಯಲ್ಲೇ ದಡದಿಂದ ಕೈ ಚಾಚಿ ಒಂದು ಹಿಡಿ ತೆಗೆದುಕೊಂಡೆ. ಅಂಗಳದಲ್ಲಿ ಬಕೆಟ್ಟಿಗೆ ನೀರು ತುಂಬಿ ಅದನ್ನು ಹಾಕಿ, ಮಾವ, ಅತ್ತೆ, ಅಜ್ಜಿ ಮೂವರನ್ನೂ ಕರೆದೆ.

"ಇದ್ರ ಬೇರು ತೋರಿಸು ಮಾವ," ಎಂದೆ.

ಮಾವ ಎಳೆಗಳನ್ನು ಎತ್ತಿ ನೋಡಿದ, ತಿರುಗಿಸಿದ, ಬಕೆಟ್ಟಿನ ತಳ ತಡಕಿದ. "ಕಿತ್ತೋಗಿರ್ಬೇಕು."

"ಕಿತ್ತುಹೋಗಿಲ್ಲ. ಇದಕ್ಕೆ ಬೇರೇ ಇಲ್ಲ. ನೆಲ ಬೇಕಾಗಿಲ್ಲ ಇದಕ್ಕೆ, ಬರೀ ನೀರಿದ್ರೆ ಸಾಕು. ನೀರೊಳಗಿನ ಹುಳ ತಿಂದು ಬದುಕ್ತದೆ. ಎಷ್ಟು ಆಳ ಇದ್ರೂ ಮೇಲೆ ತೇಲ್ತಾ ಇರ್ತದೆ."

ಅಜ್ಜಿ ಬಕೆಟ್ಟಿನ ಮೇಲೆ ಬಗ್ಗಿದಳು. "ಬೇರಿಲ್ದ ಗಿಡ್ವಾ? ಅಂಗಾರೆ ಅದು ಗಿಡ ಅಲ್ಲ ಬುಡು, ಅಲೆಮಾರಿ."

ಮಾವ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನು ಓದಿದ್ದು ಏಳನೆಯ ಕ್ಲಾಸು, ಆದರೆ ಮಾತಿನ ಹಿಂದಿನ ಮಾತು ಅವನಿಗೆ ಬೇಗ ತಿಳಿಯುತ್ತದೆ.

"ಇದು ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಬುಡದಿಂದ ಕೀಳು ಅಂದೆ."

"ಅಂದೆ. ಯೋಚ್ನೆ ಮಾಡ್ಲಿಲ್ಲ ಮಾವ. ಆಮೇಲೂ ಹೇಳ್ಲಿಲ್ಲ. ಭಯ ಆಯ್ತು."

ಅತ್ತೆಯ ಮುಖ ಗಟ್ಟಿಯಾಯಿತು. ಅವಳು ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಬಕೆಟ್ಟಿನ ಎಳೆಯನ್ನು ಬೆರಳಿಗೆ ಸುತ್ತಿ ಎಳೆದಳು. ಅದು ಪಟ್ಟನೆ ತುಂಡಾಯಿತು. ಇನ್ನೊಂದನ್ನು ಎಳೆದಳು. ಅದೂ ತುಂಡಾಯಿತು.

"ಈ ನೂಲು ನಿಮ್ಮನ್ನ ಎಳೀತಾ?" ಎಂದು ಗಂಡನನ್ನು ಕೇಳಿದಳು. "ಒಂದು ಕೋಳಿಮರೀನೂ ಎಳೆಯಲ್ವಲ್ರೀ ಇದು."

ಮಾವ ಬೀಡಿ ತೆಗೆದ, ಹಚ್ಚಲಿಲ್ಲ.

"ಆ ಗುಂಡಿ ನಂದೇ," ಎಂದ ಕೊನೆಗೆ. "ತೂಬಿನ ತಾವ ಶುರು ಮಾಡ್ದೆ. ಮಣ್ಣು ಚೆನ್ನಾಗದೆ ಅಂತ ಇತ್ತಗೆ ಎಳ್ಕಂಡು ಬಂದ್ರು ಬ್ಯಾರೇರು. ನೋಡಿದ್ರೆ ನಂಗೆ ಗೊತ್ತಾಗೋದು. ನೋಡ್ನಿಲ್ಲ. ನೀನು ಯೋಳ್ನಿಲ್ಲ, ನಾನು ನೋಡ್ನಿಲ್ಲ. ಬಳ್ಳಿ ಮೇಲೆ ಹಾಕ್ಬುಟ್ವಿ." ಆಮೇಲೆ ಎದ್ದು, ತೆಂಗಿನಕಾಯಿ ಕೀಳುವ ಉದ್ದನೆಯ ಬಿದಿರ ದೋಟಿಯನ್ನು ಹಟ್ಟಿ ಗೋಡೆಯಿಂದ ಇಳಿಸಿದ. "ನಡಿ, ಅಳೀಬೇಕು."

ಅವನು ಮತ್ತೆ ನೀರಿಗೆ ಇಳಿಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅತ್ತೆ ಈ ಸಲ ಎಮ್ಮೆ ಕಟ್ಟುವ ಗಟ್ಟಿ ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಇಡ್ಕ. ಈ ಸಲ ನೀನೇ ಹಸ." ಅವಳ ಸಿಟ್ಟು ಅಲ್ಲಿಗೆ ಇಳಿಯಿತೆಂದು ನನಗೆ ಗೊತ್ತಾಯಿತು. ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಮಾವ ದೋಟಿಯನ್ನು ಮುಂದೆ ಊರುತ್ತ ಒಂದೊಂದೇ ಹೆಜ್ಜೆ ಹೋದ. ಊರಿದಲ್ಲೆಲ್ಲ ನೆಲ ಸಿಕ್ಕಿತು, ಸಿಕ್ಕಿತು. ಆಮೇಲೆ ದೋಟಿ ಅವನ ಕೈಯಿಂದ ಜಾರಿದ ಹಾಗೆ ಕೆಳಕ್ಕೆ ಹೋಗಿ, ಮೇಲೆ ಒಂದು ಮೊಳ ಮಾತ್ರ ಉಳಿಯಿತು. ಏರಿಯ ಮೇಲೆ ನೆರೆದು ಮರುದಿನದ ಈಜಿಗೆ ಕಾದಿದ್ದ ಮಕ್ಕಳು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು.

ಕತ್ತಲಾಗುವುದರೊಳಗೆ ಗುಂಡಿಯ ಸುತ್ತ ಬಿದಿರ ಗಳು ನೆಟ್ಟು, ಗೊಬ್ಬರದ ಬಿಳಿ ಚೀಲ ಹರಿದು ಬಾವುಟದ ಹಾಗೆ ಕಟ್ಟಿದೆವು. ಅಗೆಸಿದ್ದ ಇತರರೂ, ಮೊದಲು ಗೊಣಗಿ, ಆಮೇಲೆ ತಮ್ಮ ತಮ್ಮ ಗುಂಡಿ ತೋರಿಸಲು ಬಂದರು. "ನಂದು ಇನ್ನೂ ಆಳ ಅದೆ," ಎಂದು ಒಬ್ಬರು ಜಂಭದಿಂದ ಹೇಳಿದ್ದೂ ಉಂಟು.

ಮಾರನೆಯ ಬೇಸಿಗೆಯಲ್ಲಿ ಕೆರೆ ಮತ್ತೆ ಒಣಗಿತು. ಕೆ.ಆರ್. ಪೇಟೆಯಿಂದ ಜೆಸಿಬಿ ಬಂತು. ನನ್ನ ಪರೀಕ್ಷೆ ಮುಗಿದಿತ್ತು, ನಾನೂ ಅಲ್ಲಿದ್ದೆ. ಮಾವ ಮಣ್ಣು ತುಂಬಿಸುವ ಮೊದಲು ಹಳೆಯ ಗುಂಡಿಗಳ ಅಂಚನ್ನು ಒಡೆದು ಇಳಿಜಾರು ಮಾಡಬೇಕೆಂದು ಪಟ್ಟು ಹಿಡಿದ. ಚಾಲಕ ಮೇಲಿನಿಂದಲೇ ನಕ್ಕ.

"ಏನಣ್ಣೋ, ಕೆರೆಗೆ ರ‍್ಯಾಂಪ್ ಮಾಡುಸ್ತೀಯಾ? ಮೀನು ಸ್ಕೂಟ್ರಲ್ಲಿ ಬತ್ತವಾ?"

"ಬತ್ತವೆ ಕಣ್ಲಾ. ನಿನ್ನಂತೋನು ಕುಡ್ಕಂಡು ಬಿದ್ರೂ ಎದ್ದು ಬರ್ಬೇಕು, ಅಂಗೆ ಮಾಡು. ಒಡಿ ಆ ಅಂಚ."

"ಡೀಸಲ್ ಯಾರಪ್ಪ ಕೊಡ್ತಾನೆ?"

"ಮೊದ್ಲು ಒಡ್ಯಲೇ, ಆಮ್ಯಾಕೆ ಮಾತಾಡುವ."

ಒಡೆದ. ನಡುಮಧ್ಯಾಹ್ನದ ಹೊತ್ತಿಗೆ ಅಂಚುಗಳು ಕುಸಿದು, ಮಣ್ಣು ಗುಂಡಿಗೆ ತುಂಬಿಕೊಂಡು, ಗೋಡೆಯಂತಿದ್ದದ್ದು ನಿಧಾನವಾಗಿ ಇಳಿಯುವ ನೆಲವಾಯಿತು. ಮಾವ ಅದರ ಮೇಲೆ ಮೇಲಕ್ಕೂ ಕೆಳಕ್ಕೂ ನಾಲ್ಕು ಸಲ ನಡೆದು, ತೃಪ್ತಿಯಾಗದೆ, ಅಜ್ಜಿಯನ್ನೂ ಕೈಹಿಡಿದು ಇಳಿಸಿ ಹತ್ತಿಸಿದ. ಅಜ್ಜಿ ಈಗ ಮಕ್ಕಳಿಗೆ ಜಡೆಯ ಕಥೆಯನ್ನು ಬೇರೆ ಥರ ಹೇಳುತ್ತಾಳೆ. ಕೆರೆಯಮ್ಮನ ಜಡೆ ನೆಲಕ್ಕೆ ತಾಕುವುದಿಲ್ಲವಂತೆ. ಜಡೆ ಕಂಡ ಕಡೆ ನೆಲವಿದೆ ಎಂದು ಕಾಲಿಡಬಾರದಂತೆ, ಕೋಲಿಟ್ಟು ಕೇಳಬೇಕಂತೆ. ನಾನು ಬರೆದ ಒಂದೂವರೆ ಪುಟಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತಿದೆ.

ಈ ವರ್ಷ ಮಳೆ ತಡವಾಗಿ ಬಂದರೂ ಕೆರೆ ತುಂಬಿದೆ. ಕಿತ್ತು ಹಾಕಿದ್ದ ಗಿಡ, ಉಳಿದ ತುಂಡುಗಳಿಂದಲೇ ಬೆಳೆದು, ಕಳೆದ ತಿಂಗಳು ಹೂ ಬಿಟ್ಟಿದೆ ಎಂದು ಅತ್ತೆ ಹೇಳಿದಳು. ಹೋದೆ. ಭಯ ಹೋಗಿಲ್ಲ. ಕೋಲು ಹಿಡಿದುಕೊಂಡೆ. ಮಾವ ದಡದಲ್ಲಿ ಕೂತು, "ನಿಧಾನ, ನಿಧಾನ. ಬಸ್ಸೇನೂ ಹೊಂಟೋಗಕಿಲ್ಲ," ಎನ್ನುತ್ತಿದ್ದ. ಪಾದ, ಮೊಣಕಾಲು, ತೊಡೆ. ಕೋಲು ಊರಿದಲ್ಲೆಲ್ಲ ನೆಲವಿತ್ತು. ನೆಲ ಇಳಿಯುತ್ತಿತ್ತು, ಆದರೆ ಮೊದಲೇ ಹೇಳಿ ಇಳಿಯುತ್ತಿತ್ತು. ಸೊಂಟದ ಮಟ್ಟಕ್ಕೆ ನಿಂತೆ. ಹಳದಿ ಹೂಗಳು ಕೈಗೆಟುಕುವಷ್ಟು ಹತ್ತಿರ ಅಲ್ಲಾಡುತ್ತಿದ್ದವು. ಕೀಳಲಿಲ್ಲ. ನೀರೊಳಗೆ ಅಂಗೈ ಇಟ್ಟು ಒಂದು ಎಳೆಯನ್ನು ಮೆಲ್ಲನೆ ಮೇಲೆತ್ತಿದೆ. ಸಣ್ಣ ಚೀಲಗಳಲ್ಲಿ ಕೆಲವು ಕಪ್ಪಾಗಿದ್ದವು, ಬೆಳಗಿನ ಊಟ ಮುಗಿಸಿದ್ದವು.

"ಅಲ್ಲಿ ಆಳ ಎಷ್ಟದೆ?" ಎಂದು ಮಾವ ಕೂಗಿದ.

"ಸೊಂಟದಷ್ಟು," ಎಂದೆ. "ಕಾಲು ನೆಲದ ಮೇಲೇ ಅದೆ ಮಾವ."